ಮೈಸೂರಿನ ಕಾಲುದಾರಿಗಳು

ಮೈಸೂರನ್ನು ನೋಡಬಂದ ಪರಸ್ಥಳದವರಿಗೆ ನಾವು ತೋರಿಸುವ ವಸ್ತುಗಳೆಲ್ಲವೂ ಪ್ರಾಯಶಃ ನಿಂತು ನೋಡತಕ್ಕವು. ಅರಮನೆಯ ಮುಂದೆ ನಿಲ್ಲಿಸುತ್ತೇವೆ, ಜಗನ್ಮೋಹನದ ಚಿತ್ರಗಳ ಮುಂದೆ ನಿಲ್ಲಿಸುತ್ತೇವೆ, ಮೃಗಾಲಯದಲ್ಲಿ ಹುಲಿಯ ಮುಂದೆ ನಿಲ್ಲಿಸುತ್ತೇವೆ. ಅತಿಥಿಯು ಸಂತೋಷಪಟ್ಟು ಊರಿಗೆ ಹೋಗುತ್ತಾನೆ. ಆದರೆ ಕಣ್ಣಿಗಿಂತ ಹೆಚ್ಚಾಗಿ ಕಾಲಿಗೆ ತಿಳಿಯತಕ್ಕ ಮೈಸೂರು ಇನ್ನೊಂದುಂಟು. ಅದಕ್ಕೆ ಟಿಕೆಟ್ಟಿಲ್ಲ, ಬಾಗಿಲಿಲ್ಲ, ಕಾವಲಿನವನೂ ಇಲ್ಲ. ಆ ಮೈಸೂರಿನ ಚರಿತ್ರೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ತಮ್ಮೊಡನೆ ಆಡಬೇಕೆಂದಿದ್ದೇನೆ.

ಚರಿತ್ರೆಯೆಂದೊಡನೆ ಯುದ್ಧಗಳನ್ನೂ ಪಟ್ಟಾಭಿಷೇಕಗಳನ್ನೂ ನಿರೀಕ್ಷಿಸುವ ಶ್ರೋತೃಗಳು ಸ್ವಲ್ಪ ತಾಳ್ಮೆ ವಹಿಸಬೇಕು. ದಾರಿಗೂ ಒಂದು ಚರಿತ್ರೆ ಇರುತ್ತದೆ. ಯಾರು ನಡೆದರು, ಏತಕ್ಕಾಗಿ ನಡೆದರು, ನಡೆಯುವುದನ್ನು ಏಕೆ ಬಿಟ್ಟರು ಎಂಬುದು ರಾಜರ ವಂಶಾವಳಿಗಿಂತ ಕಡಿಮೆಯಾದ ವಿಷಯವೆಂದು ನನಗೆ ತೋರುವುದಿಲ್ಲ.

ಮೊದಲು ಊರಿನ ಇರುವಿಕೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಹಳೆಯ ಮೈಸೂರು ಉತ್ತರ ದಕ್ಷಿಣವಾಗಿ ಹಬ್ಬಿರುವ ಎರಡು ದಿಣ್ಣೆಗಳ ನಡುವಣ ತಗ್ಗಿನಲ್ಲಿ ಬೆಳೆದ ಊರು. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 2,500 ಅಡಿ. ಆಗ್ನೇಯಕ್ಕೆ ತಿರುಗಿದರೆ 3,489 ಅಡಿಯ ಚಾಮುಂಡಿಬೆಟ್ಟ ಒಂಟಿಯಾಗಿ ಎದ್ದು ನಿಂತಿದೆ. ಬಿದ್ದ ಮಳೆಯ ನೀರೆಲ್ಲ ಈ ತಗ್ಗುಗಳಲ್ಲಿ ಕೆರೆಯಾಗಿ ನಿಲ್ಲುತ್ತಿದ್ದಿತು. ಕೋಟೆಯಿಂದ ಬೆಟ್ಟಕ್ಕೆ ಹೊರಟವರು ದೊಡ್ಡಕೆರೆಯ ಅಂಚನ್ನು ಬಳಸಿಕೊಂಡು ಹೋಗಬೇಕಾಗಿದ್ದಿತು. ಈಗ ಆ ಕೆರೆಯಿಲ್ಲ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನವೆಂಬ ಹೆಸರಿನಲ್ಲಿ ಮಾತ್ರ ಅದು ಉಳಿದಿದೆ. ಜಾಯಿಂಟ್ ವೀಲಿನಲ್ಲಿ ಕುಳಿತು ಕೂಗುವ ಮಕ್ಕಳಿಗೆ ತಾವು ಕೆರೆಯ ಮೇಲೆ ತಿರುಗುತ್ತಿದ್ದೇವೆಂಬುದು ತಿಳಿಯದು. ತಂದೆತಾಯಿಗಳಿಗೆ ತಿಳಿದಿದೆಯೆ ಎಂಬುದೂ ಸಂದೇಹ.

ನಡಿಗೆಯನ್ನು ವಿನೋದವೆಂದು ಭಾವಿಸುವುದು ಈಚಿನ ಮಾತು. ನಮ್ಮ ಹಿರಿಯರಿಗೆ ನಡೆಯುವುದೆಂದರೆ ಜೀವಿಸುವುದರ ಒಂದು ಭಾಗ. ದೂರವನ್ನು ಅವರು ಅಳೆದ ಮಾತುಗಳಲ್ಲಿಯೇ ಇದು ಗೊತ್ತಾಗುತ್ತದೆ. ಕೂಗಳತೆ, ಹರದಾರಿ, ಗಾವುದ: ಇವೆಲ್ಲ ಕೊರಳಿನಿಂದಲೋ ಕಾಲಿನಿಂದಲೋ ಹುಟ್ಟಿದ ಅಳತೆಗಳೇ ಹೊರತು ಯಂತ್ರದಿಂದ ಹುಟ್ಟಿದವಲ್ಲ. ಸಂತೆಗೆ ಹೋಗುವ ಒಕ್ಕಲಿಗ, ಜಾತ್ರೆಗೆ ಹೋಗುವ ಸಂಸಾರ, ಒಂದೂರಿನಿಂದ ಇನ್ನೊಂದೂರಿಗೆ ಬಟ್ಟೆಯ ಗಂಟು ಹೊತ್ತ ವರ್ತಕ, ಇವರೆಲ್ಲ ನಡೆದೇ ಹೋದರು. ಚಿಕ್ಕದೇವರಾಜ ಒಡೆಯರು (1673–1704) ಏರ್ಪಡಿಸಿದ ಮೈಸೂರು ಅಂಚೆಯೂ ಕಾಲಿನ ಬಲದ ಮೇಲೆಯೇ ನಿಂತಿದ್ದಿತು. ಅಂಚೆಯವರು ಕಾಗದಗಳನ್ನು ಒಯ್ಯುವುದಲ್ಲದೆ ದೇಶದ ಸುದ್ದಿಯನ್ನೂ ಅರಸರಿಗೆ ಮುಟ್ಟಿಸುತ್ತಿದ್ದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಗುವ ತನಕ ಸುಮಾರು ಎರಡು ಶತಮಾನಗಳ ಕಾಲ ಮೈಸೂರು ಸೀಮೆಯ ಕಾಲುದಾರಿಗಳನ್ನು ಅಂಚೆಯವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇದ್ದಿರಲಾರರು. ಅವನು ಒಂದು ಪುಸ್ತಕವನ್ನು ಬರೆದಿಡಲಿಲ್ಲವೆಂಬುದು ನಮ್ಮ ದುರದೃಷ್ಟ.

ಸಂತೋಷಕ್ಕಾಗಿ ನಡೆಯುವುದು ನಮ್ಮಲ್ಲಿ ಭಕ್ತಿಯ ಬೆನ್ನು ಹಿಡಿದು ಬಂದಿತೆಂದು ನನ್ನ ಅಭಿಪ್ರಾಯ. ಅದಕ್ಕೆ ಚಾಮುಂಡಿಬೆಟ್ಟಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಟ್ಟದ ಪೂರ್ವದ ಹೆಸರು ಮಹಾಬಲಗಿರಿ. ಇಂದು ಯಾತ್ರಿಕರಲ್ಲಿ ಬಹುಮಂದಿ ಚಾಮುಂಡೇಶ್ವರಿಯ ದರ್ಶನ ಮಾಡಿಕೊಂಡು ಹಾಗೆಯೇ ಇಳಿದುಬಿಡುತ್ತಾರೆ. ಪಕ್ಕದಲ್ಲಿಯೇ ತಗ್ಗಾಗಿ ಕುಳಿತಿರುವ ಮಹಾಬಲೇಶ್ವರನ ಗುಡಿಗೆ ಹೋಗುವವರು ಕಡಿಮೆ. ಆದರೆ ಬೆಟ್ಟಕ್ಕೆ ಮೊದಲು ಹೆಸರು ಕೊಟ್ಟವನು ಆತನೇ. ಹೊಯ್ಸಳರ ಕಾಲಕ್ಕಾಗಲೇ ಇದು ದಾನದತ್ತಿಗಳನ್ನು ಪಡೆದ ಸ್ಥಳವಾಗಿದ್ದಿತು. ಒಡೆಯರ ಮನೆದೇವತೆಯಾದ ಮೇಲೆ ಚಾಮುಂಡಿಯ ಹೆಸರು ಮೇಲಾಯಿತು. ಆ ವಂಶದ ಬೋಳ ಚಾಮರಾಜ ಒಡೆಯರ (1572–1576) ಕಥೆಯನ್ನು ತಾವು ಕೇಳಿರಬಹುದು. ಅವರು ಬೆಟ್ಟಕ್ಕೆ ದೇವತಾದರ್ಶನಕ್ಕಾಗಿ ಹೋಗಿದ್ದಾಗ ಸಿಡಿಲು ಬಡಿದು, ಪ್ರಾಣ ಉಳಿದು, ತಲೆಗೂದಲು ಮಾತ್ರ ಹೋಯಿತಂತೆ. ಆದುದರಿಂದ ಅವರಿಗೆ ‘ಬೋಳ’ ಎಂಬ ಉಪಪದ ಬಂದಿತೆಂದು ಅರಮನೆಯ ಪರಂಪರೆ ಹೇಳುತ್ತದೆ. ಕಥೆಯಲ್ಲಿ ಸತ್ಯವೆಷ್ಟೆಂಬ ವಿಚಾರ ಹಾಗಿರಲಿ. ಮಳೆಗಾಲದ ಮೊದಲ ಗುಡುಗಿನ ಹೊತ್ತಿನಲ್ಲಿ ಬೆಟ್ಟದ ಮೇಲೆ ಸಿಕ್ಕಿಕೊಂಡವರು ಯಾರೂ ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಲಾರರು.

ಮೆಟ್ಟಿಲುಗಳನ್ನು ಕಟ್ಟಿಸಿದವರು ದೊಡ್ಡದೇವರಾಜ ಒಡೆಯರು (1659–1673) ಎಂದು ಪ್ರತೀತಿ. ಈ ನಗರದಲ್ಲಿ ಇಂದಿಗೂ ಬಳಕೆಯಲ್ಲಿರುವ ಸಾರ್ವಜನಿಕ ಕಾಮಗಾರಿಗಳಲ್ಲಿ ಇದಕ್ಕಿಂತ ಹಳೆಯದು ಎಷ್ಟಿದ್ದಾವು? ಅರಮನೆ 1897ರಲ್ಲಿ ಬೆಂಕಿಗೆ ತುತ್ತಾಗಿ 1912ಕ್ಕೆ ಹೊಸದಾಗಿ ನಿಂತಿತು. ಕೋಟೆಯೊಳಗಿನ ಮನೆಗಳು ಹೋದುವು, ಕೆರೆಗಳು ತೂರಿಹೋದುವು, ಬೀದಿಗಳು ಅಗಲವಾದುವು. ಮೂರೂವರೆ ಶತಮಾನಗಳಿಂದ ಅದೇ ಕಲ್ಲಿನ ಮೇಲೆ ಕಾಲಿಟ್ಟು ಜನರು ಹತ್ತುತ್ತಲೇ ಇದ್ದಾರೆ. ಸಾಮಾನ್ಯ ಪ್ರಜೆಗಾಗಿ, ಪಲ್ಲಕ್ಕಿಯಿಲ್ಲದವನಿಗಾಗಿ, ಒಬ್ಬ ಅರಸರು ಮಾಡಿಸಿದ ದಾರಿ ಇದು.

ಮೆಟ್ಟಿಲುಗಳೆಷ್ಟು? ಸಾವಿರವೆಂದು ಕೆಲವರು, ಸಾವಿರದ ಎಂಟೆಂದು ಕೆಲವರು. ನಾನು ಚಿಕ್ಕವನಾಗಿದ್ದಾಗ ನಮ್ಮಜ್ಜಿ ಆಷಾಢದ ಒಂದು ಶುಕ್ರವಾರ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು. ಹರಕೆಯಂತೆ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತಬೇಕಾಗಿದ್ದಿತು. ಬಟ್ಟಲು ಹಿಡಿದುಕೊಂಡು ಎಣಿಸುವ ಕೆಲಸ ನನ್ನದು. ಸುಮಾರು ಮುನ್ನೂರರ ತನಕ ಲೆಕ್ಕ ಸರಿಯಾಗಿದ್ದಿತು. ಅಲ್ಲಿ ಒಂದು ಕೋತಿ ಬಂದು ಬಾಳೆಯಹಣ್ಣಿನ ಚೀಲಕ್ಕೆ ಕೈ ಹಾಕಿತು. ಆ ಗಲಿಬಿಲಿಯಲ್ಲಿ ಎಣಿಕೆ ತಪ್ಪಿತು. ಅಳುಮೋರೆ ಮಾಡಿಕೊಂಡು ಹೇಳಿದೆನು.

“ಅಜ್ಜೀ, ಲೆಕ್ಕ ಮರೆತುಹೋಯಿತು.”

“ಮರೆತರೆ ಮರೆಯಲಿ ಬಿಡಪ್ಪ. ಲೆಕ್ಕ ಅಮ್ಮನಿಗೆ ಗೊತ್ತು. ನೀನು ಬಟ್ಟಲು ನೋಡಿಕೊ” ಎಂದರು.

ದೊಡ್ಡವನಾದ ಮೇಲೆ ಮೂರು ಬಾರಿ ಎಣಿಸಿದ್ದೇನೆ. ಮೂರು ಬಾರಿಯೂ ಬೇರೆ ಬೇರೆ ಸಂಖ್ಯೆ ಬಂದಿತು. ಒಡೆದ ಮೆಟ್ಟಿಲನ್ನು ಒಂದೆನ್ನಬೇಕೋ ಎರಡೆನ್ನಬೇಕೋ, ನಡುವೆ ಹಾಸಿರುವ ಚಪ್ಪಡಿಯನ್ನು ಮೆಟ್ಟಿಲೆನ್ನಬಹುದೋ ಕೂಡದೋ ಎಂಬುದು ಎಣಿಸುವವನ ದಣಿವನ್ನು ಅವಲಂಬಿಸಿರುತ್ತದೆ. ಸಾವಿರಕ್ಕೆ ತುಸು ಮೇಲೆಂದು ಹೇಳಿದರೆ ತಪ್ಪಾಗಲಾರದು.

ಸುಮಾರು ಏಳುನೂರು ಮೆಟ್ಟಿಲು ಏರಿದ ಮೇಲೆ ನಂದಿ ದೊರೆಯುತ್ತದೆ. ಇದನ್ನೂ ದೊಡ್ಡದೇವರಾಜ ಒಡೆಯರ ಕಾಲದ್ದೆಂದೇ ಹೇಳುವರು. ಹದಿನಾರು ಅಡಿಯಷ್ಟು ಎತ್ತರ, ಇಪ್ಪತ್ತನಾಲ್ಕು ಅಡಿಯಷ್ಟು ಉದ್ದದ ಈ ಬಸವನನ್ನು ಎಲ್ಲಿಂದಲೋ ಕೆತ್ತಿ ಹೊತ್ತು ತಂದುದಲ್ಲ. ಅಲ್ಲಿಯೇ ಇದ್ದ ಒಂದೇ ಬಂಡೆಯನ್ನು ಕಡಿದು ಮಾಡಿದುದು. ಅದರ ಕಪ್ಪು ಬಣ್ಣವೂ ಕಲ್ಲಿನದಲ್ಲ, ತಲೆತಲಾಂತರದಿಂದ ಬಳಿದ ಎಣ್ಣೆ ಮಸಿಯದು. ಕಲ್ಲು ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ನಂದಿಯು ಬೆಟ್ಟದ ಮೇಲೆ ಕುಳಿತಿದೆ ಎನ್ನುವುದಕ್ಕಿಂತ ಬೆಟ್ಟವೇ ಅಲ್ಲಿ ಸ್ವಲ್ಪ ದೂರ ನಂದಿಯಾಗಿದೆ ಎನ್ನಬಹುದು.

ಆ ಕಲ್ಲಿನ ವಯಸ್ಸಿನ ಮಾತನ್ನು ಇಲ್ಲಿ ಹೇಳದೆ ಬಿಡಲಾರೆ. ಬೆಟ್ಟದ ಸುತ್ತಲಿನ ಸೀಮೆಯ ನೆಲಗಲ್ಲು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು. ಭೂಮಿಯ ಮೇಲೆ ದೊರೆಯುವ ಬಹು ಪುರಾತನವಾದ ಶಿಲೆಗಳಲ್ಲಿ ಅದೂ ಒಂದು. ಭೂವಿಜ್ಞಾನಿಗಳು ಚಾಮುಂಡಿ ಗ್ರಾನೈಟೆಂದು ಕರೆಯುವ ಬೆಟ್ಟದ ಕಲ್ಲು ಅದಕ್ಕಿಂತ ಬಹಳ ಈಚಿನದು. ಸುಮಾರು ಎಂಬತ್ತು ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಕೆಳಗಿನಿಂದ ಮೇಲಕ್ಕೆ ನುಗ್ಗಿ, ನೆಲದೊಳಗೇ ಆರಿ ಗಟ್ಟಿಯಾಯಿತು. ಮೇಲಿನ ಹೊದಿಕೆ ಗಾಳಿಮಳೆಗಳಿಂದ ಸವೆದುಹೋಗಿ, ಸವೆಯದ ಗಟ್ಟಿ ಭಾಗ ಬೆಟ್ಟವಾಗಿ ಉಳಿಯಿತು. ಈ ಬೆಟ್ಟವನ್ನು ಎತ್ತಿದ್ದು ಅಷ್ಟಿಷ್ಟಲ್ಲ, ಸುತ್ತಲಿನ ನೆಲವನ್ನು ಇಳಿಸಿದ್ದೇ ಹೆಚ್ಚು. ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುವಾಗ ಕೈಗೆ ತಗಲುವ ಕೆಂಪುಮಿಶ್ರಿತ ಕಲ್ಲಿನ ಹರಳುಗಳನ್ನು ಒಮ್ಮೆ ಗಮನಿಸಿರಿ.

ಇನ್ನು ಗಿಡಮರಗಳು. ಇದು ಮಲೆನಾಡಿನ ದಟ್ಟವಾದ ಕಾಡಲ್ಲ. ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಕುರುಚಲು ಕಾಡು. ಕಕ್ಕೆ, ಬೇವು, ಹೊಂಗೆ, ಜಾಲಿ, ಕಾರೆ, ಸೀತಾಫಲ, ತಂಗಡಿ ಇವೇ ಮೊದಲಾದವು ಬಂಡೆಗಳ ಸಂದಿಯಲ್ಲಿ ಬೇರಿಳಿಸಿ ಬದುಕುತ್ತವೆ. ಪರದೇಶದಿಂದ ಅಲಂಕಾರಕ್ಕೆಂದು ಬಂದ ಲಂಟಾನವು ಈಗ ಯಾರ ಅಪ್ಪಣೆಯನ್ನೂ ಕೇಳದೆ ಹಬ್ಬಿಕೊಂಡಿದೆ. ಬೇಸಿಗೆಯ ಕಿಚ್ಚಿಗೆ ಅದೇ ಮುಖ್ಯವಾದ ಸೌದೆ. ಏಪ್ರಿಲಿನ ಕೊನೆಯಲ್ಲಿ ಕಕ್ಕೆ ಹೂ ಬಿಡುವ ಕಾಲದಲ್ಲಿ ಹತ್ತಿದವರು ಬೆಟ್ಟವನ್ನು ಒಣ ಬೆಟ್ಟವೆಂದು ಇನ್ನೆಂದೂ ಹೇಳಲಾರರು.

ಮೇಲೆ ಮುಟ್ಟಿದವರಿಗೆ ಕಾಣುವ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದುದು. ಗುಡಿಯೊಳಗೆ ಮೂವರು ರಾಣಿಯರೊಡನೆ ಕೈಮುಗಿದು ನಿಂತ ಅವರದೇ ವಿಗ್ರಹ ಇದೆ. ಗೋಪುರ ಮುಗಿದ ನಾಲ್ಕು ವರ್ಷಕ್ಕೆ, 1831ರಲ್ಲಿ, ರಾಜ್ಯಭಾರ ಅವರ ಕೈಬಿಟ್ಟು ಕಂಪೆನಿಯ ಕಮಿಷನರ ಕೈಸೇರಿತು. ಇದನ್ನು ತಿಳಿದು ಆ ವಿಗ್ರಹವನ್ನು ನೋಡಿದರೆ ಮುಗಿದ ಕೈಗೆ ಬೇರೊಂದು ಅರ್ಥ ತೋರುತ್ತದೆ.

ಬೆಟ್ಟದ ಇನ್ನೊಂದು ಮಗ್ಗುಲಿಗೆ ಇಳಿಯುವವರು ಈಗ ವಿರಳ. ಅಲ್ಲಿ ಕೆಳಗೆ ಉತ್ತನಹಳ್ಳಿ ಇದೆ. ಅಲ್ಲಿನ ದೇವತೆ ಚಾಮುಂಡಿಯ ತಂಗಿಯೆಂದು ಜನರ ನಂಬಿಕೆ. ದಕ್ಷಿಣಕ್ಕೆ ಮುಂದುವರಿದರೆ ಕಪಿಲೆಯ ದಡದ ನಂಜನಗೂಡು. ನಂಜುಂಡನಿಗೂ ಚಾಮುಂಡಿಗೂ ಬೆಳೆದ ಸ್ನೇಹವನ್ನೂ, ಅದನ್ನು ಕಂಡು ನಂಜುಂಡನ ಮಡದಿ ದೇವೀರಿಗೆ ಬಂದ ಸಿಟ್ಟನ್ನೂ ನಮ್ಮ ಸೀಮೆಯ ಹಾಡುಗಾರರು ರಾತ್ರಿಯೆಲ್ಲ ಹಾಡುವರು. ಪಂಡಿತರು ಈ ಕಥೆಯನ್ನು ಕೇಳಿ ಕಿವಿ ಮುಚ್ಚಿಕೊಳ್ಳುವುದುಂಟು. ಆದರೆ ಭೂಗೋಳದ ದೃಷ್ಟಿಯಿಂದ ನೋಡಿದರೆ ಅದು ಒಂದು ದಾರಿಯ ಕಥೆ. ಬೆಟ್ಟದಿಂದ ಹೊಳೆಗೂ ಹೊಳೆಯಿಂದ ಬೆಟ್ಟಕ್ಕೂ ನಡೆದಾಡಿದ ಜನರು ಎರಡು ಕ್ಷೇತ್ರಗಳ ನಡುವೆ ಒಂದು ಸಂಬಂಧವನ್ನು ಕಟ್ಟಿದರು. ದೇವರುಗಳು ನಡೆದಾಡಿದರೆಂದು ಹಾಡಿದರು. ನಡೆದವರು ತಾವೇ. ಆ ದಾರಿಯ ಕೊನೆಯಲ್ಲಿ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಮುಂದೆ ರೈಲೂ ಅದೇ ಸೇತುವೆಯ ಮೇಲೆ ಹೋಯಿತು. ಹೊಸ ಸೇತುವೆಗಳು ಬಂದ ಮೇಲೆ ಅದಕ್ಕೆ ವಿಶ್ರಾಂತಿ ದೊರೆತಿದೆ.

ಬೆಟ್ಟವನ್ನು ಬಿಟ್ಟು ಊರಿನ ಪಶ್ಚಿಮದ ದಿಣ್ಣೆಗೆ ಬರೋಣ. ಇಲ್ಲಿ ಭಕ್ತಿಯಿಲ್ಲ, ನೀರಿನ ಚಿಂತೆಯಿದೆ.

1799ರಲ್ಲಿ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿದಾಗ ಕಾವೇರಿ ಹಿಂದೆಯೇ ಉಳಿಯಿತು. ನದಿಯ ನಡುಗಡ್ಡೆಯಲ್ಲಿದ್ದ ಅರಮನೆ ನೀರಿಲ್ಲದ ದಿಣ್ಣೆಗಳ ನಡುವೆ ಬಂದು ನಿಂತಿತು. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಕಾಲುವೆಯ ಮೂಲಕ ಇಲ್ಲಿಗೆ ತರಬೇಕೆಂದು ಯೋಚಿಸಿ ಅಗೆಸತೊಡಗಿದರು. ದಿಣ್ಣೆಗಳನ್ನು ಬಹಳ ಆಳವಾಗಿ ಕಡಿಯಬೇಕಾಯಿತು. ನೀರು ನಮ್ಮ ಆಸೆಯಂತೆ ಹರಿಯುವುದಿಲ್ಲ, ಇಳಿಜಾರಿನಂತೆ ಹರಿಯುತ್ತದೆ. ಕಾವೇರಿ ಆ ಕಾಲುವೆಯಲ್ಲಿ ಬರಲಿಲ್ಲ. ಆದರೂ ಪೂರ್ಣಯ್ಯನ ನಾಲೆಯೆಂಬ ಹೆಸರು ಉಳಿಯಿತು. ಸುತ್ತಣ ಇಳಿಜಾರಿನ ಮಳೆನೀರನ್ನು ಅದು ಕೆರೆಗೆ ತಂದು ಕೊಡುವ ಕೆಲಸ ಮಾಡಿತು. ಕೈಗೂಡದ ದೊಡ್ಡ ಯೋಚನೆಗಳು ಈ ರೀತಿ ಚಿಕ್ಕ ಉಪಕಾರಗಳಾಗಿ ಉಳಿಯುವುದುಂಟು. ಆ ನಾಲೆಯ ಬಹುಭಾಗದ ಮೇಲೆ ಈಗ ಮನೆಗಳೆದ್ದಿವೆ. ಜೋರು ಮಳೆ ಬಂದಾಗ ಮಾತ್ರ ನೀರು ತನ್ನ ಹಳೆಯ ದಾರಿಯನ್ನು ನೆನೆಸಿಕೊಂಡು ಆ ಮನೆಗಳ ಬಾಗಿಲು ತಟ್ಟುತ್ತದೆ.

ಆ ಕೆರೆಯೇ ಕುಕ್ಕರಹಳ್ಳಿ ಕೆರೆ. ಇದನ್ನು 1864ರಲ್ಲಿ ಬೇಸಾಯದ ನೀರಿಗಾಗಿ ಮುಮ್ಮಡಿಯವರು ಕಟ್ಟಿಸಿದರೆಂದು ಪ್ರಸಿದ್ಧಿ. ಆಗ ರಾಜ್ಯಾಡಳಿತ ಕಮಿಷನರ ಕೈಯಲ್ಲಿದ್ದು, ಅರಸರಿಗೆ ಎಪ್ಪತ್ತು ವರ್ಷ. ಬಯಲ ಸೀಮೆಯ ಅರಸನಿಗೆ ಆಳುವ ಅಧಿಕಾರ ಹೋದರೂ ಕೆರೆ ಕಟ್ಟಿಸುವ ಆಸೆ ಹೋಗುವುದಿಲ್ಲ. ಈ ಕೆರೆಯ ಸುತ್ತಳತೆ ಮೂರು ಮೈಲಿಯಷ್ಟಿದೆ. ಅಂದರೆ ಸಾಧಾರಣ ಮನುಷ್ಯನು ಮಾತನಾಡುತ್ತ ಒಂದು ಗಂಟೆಯಲ್ಲಿ, ವಾದಿಸುತ್ತ ಒಂದೂವರೆ ಗಂಟೆಯಲ್ಲಿ ಸುತ್ತಬಹುದು.

ಕೆರೆಯ ಏರಿ ನೀರಾವರಿಯ ಕಟ್ಟಡವಾಗಿದ್ದುದು ವಿಹಾರಸ್ಥಾನವಾದುದು ಹೇಗೆ? ಇದಕ್ಕೆ ಕಾರಣ ಸ್ವಲ್ಪ ಅಶುಭವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರು ಸೀಮೆಗೆ ಕಾಲಿಟ್ಟಿತು. ಗಾಳಿ ಬೆಳಕು ಕಾಣದ ಹಳೆಯ ಕೇರಿಗಳನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಇಲಿ ಸತ್ತರೆ ಮನೆ ಬಿಡಬೇಕೆಂಬ ಭಯ ಒಂದು ತಲೆಮಾರಿಗೇ ಅಂಟಿಕೊಂಡಿತು. 1903ರಲ್ಲಿ ನಗರದ ಅಭಿವೃದ್ಧಿಗೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಇಂಡಿಯದಲ್ಲಿಯೇ ಇಂಥ ಸಂಸ್ಥೆಗಳಲ್ಲಿ ಇದು ಬಹಳ ಮೊದಲಿನದು. ಅಗಲವಾದ ಬೀದಿ, ಮನೆಮನೆಗೆ ತೋಟ, ಚೌಕಗಳಲ್ಲಿ ಪಾರ್ಕು, ಹೀಗೆ ಹೊಸ ಬಡಾವಣೆಗಳು ಎದ್ದುವು. ಒಳ್ಳೆಯ ಗಾಳಿಯನ್ನು ಸೇವಿಸುವುದು ಆರೋಗ್ಯಕರವೆಂಬ ಮಾತು ವೈದ್ಯರ ಬಾಯಿಂದ ಗೃಹಸ್ಥರ ಬಾಯಿಗೆ ಬಂದಿತು. ಅದುವರೆಗೆ ಕೆಲಸವಿಲ್ಲದೆ ನಡೆಯುವವನನ್ನು ಅಲೆಯುವವನೆನ್ನುತ್ತಿದ್ದೆವು. ಈಗ ಅವನಿಗೆ ವಾಯುವಿಹಾರಕ್ಕೆ ಹೊರಟವನೆಂಬ ಗೌರವ ಸಂದಿತು. ಸಂಜೆಯಾಯಿತೆಂದರೆ ರುಮಾಲು, ಮುಚ್ಚುಕೋಟು, ಕೈಯಲ್ಲೊಂದು ಬೆತ್ತ. ಹೆಂಗಸರಿಗೆ ಈ ಗೌರವ ಅಷ್ಟು ಸುಲಭವಾಗಿ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಅವರಿಗೆ ದೇವಸ್ಥಾನದ ನೆವವೇ ಬಹಳ ಕಾಲ ಬೇಕಾಯಿತು. ಮೆಟ್ಟಿಲಿಗೆ ಕುಂಕುಮ ಹಚ್ಚುತ್ತ ಬೆಟ್ಟ ಹತ್ತಿದ ನಮ್ಮಜ್ಜಿ ಮೇಲೆ ದರ್ಶನ ಮುಗಿಸಿಕೊಂಡು, ಊರಿನ ಕಡೆಗೆ ಮುಖಮಾಡಿ ಒಂದು ಬಂಡೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರು. ಅದು ಹರಕೆಯಲ್ಲಿ ಇರಲಿಲ್ಲ.

1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಕುಕ್ಕರಹಳ್ಳಿಯ ಏರಿಗೆ ಹೊಸ ಬಗೆಯ ಜನರು ಬಂದರು. ಮಹಾರಾಜಾ ಕಾಲೇಜು ಅಲ್ಲಿಗೆ ಹತ್ತಿರ. ತೀರ್ಥಹಳ್ಳಿಯ ಕಡೆಯ ಮಲೆನಾಡಿನಿಂದ ಬಂದು ಈ ಊರಿನಲ್ಲಿ ಓದಿದ ಕುವೆಂಪು ಅವರಿಗೆ ಈ ಕೆರೆ ತಮ್ಮ ಕಾಡಿಗೆ ಬದಲಾಗಿ ದೊರೆತ ಪ್ರಕೃತಿ. ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಇಲ್ಲಿಯ ವಿಹಾರಗಳನ್ನು ಅವರು ನೆನೆದಿದ್ದಾರೆ. ಮುಂದೆ ಅವರೇ ಉಪಕುಲಪತಿಗಳಾಗಿದ್ದಾಗ ಕೆರೆಯ ಆಚೆಯ ದಿಣ್ಣೆಯ ಮೇಲೆ 1960ರಲ್ಲಿ ಎದ್ದ ವಿದ್ಯಾಕೇಂದ್ರಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟರು. ನಡೆಯುತ್ತ ನೋಡಿದ ಸ್ಥಳಕ್ಕೆ ನಡೆದವನೇ ಹೆಸರಿಡುವ ಯೋಗ ಎಷ್ಟು ಮಂದಿಗೆ ಬರುತ್ತದೆ? ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದ ಆರ್. ಕೆ. ನಾರಾಯಣರೂ ಈ ಊರನ್ನು ಕಾಲಿನಿಂದಲೇ ಅರಿತವರು. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಪ್ರಾರಂಭಿಸಿದರಷ್ಟೆ. ಆ ಮನೆಗೂ ಈ ಕೆರೆಗೂ ನಡೆದುಹೋಗುವಷ್ಟೇ ದೂರ. ಏರಿಯ ಮೇಲೆ ಹರಟೆಯಾಗಿ ಹುಟ್ಟಿದ ಎಷ್ಟು ಮಾತುಗಳು ಅಲ್ಲಿ ಭಾಷಣಗಳಾಗಿ ಪರಿಣಮಿಸಿದುವೋ ಊಹಿಸುವುದು ಕಷ್ಟವಲ್ಲ. ಈಗ ನಾನಾಡುತ್ತಿರುವುದೂ ಅದೇ ಜಾತಿಯದು.

ಈ ಕೆರೆಯಲ್ಲಿ ಹೆಜ್ಜಾರ್ಲೆಗಳು ಇಂದಿಗೂ ತೇಲುತ್ತವೆ. ಬಣ್ಣದ ಕೊಕ್ಕರೆಗಳು ಬರುತ್ತವೆ. 1939–40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಗಳ ಪರಿಶೀಲನೆಗೆಂದು ಬಂದಿದ್ದಾಗ ಅವರ ಸಲಹೆಯ ಮೇಲೆ ರಂಗನತಿಟ್ಟು ಪಕ್ಷಿಧಾಮವಾಯಿತು. ಕುಕ್ಕರಹಳ್ಳಿಯ ಹಕ್ಕಿಗಳಿಗೂ ರಂಗನತಿಟ್ಟಿನ ಹಕ್ಕಿಗಳಿಗೂ ಇರುವ ದೂರ ರೆಕ್ಕೆಯುಳ್ಳವರಿಗೆ ಏನೂ ಅಲ್ಲ. ಈ ಕೆರೆಗೆ ಕಷ್ಟಗಳೂ ಬಂದಿವೆ. ಬಡಾವಣೆಗಳ ಕೊಳಚೆನೀರು ಹರಿದು ಹಸುರು ಪಾಚಿ ಕಟ್ಟಿ, ಬೆಳಗಿನ ವಿಹಾರಿಗಳು ಮೂಗು ಮುಚ್ಚಿಕೊಂಡು ಸುತ್ತಿದ ವರ್ಷಗಳುಂಟು. ಆಗ ಗಲಾಟೆ ಮಾಡಿದವರು, ಅರ್ಜಿ ಬರೆದವರು ಬಹುಮಟ್ಟಿಗೆ ಅದೇ ವಿಹಾರಿಗಳು. ದಿನವೂ ನಡೆಯದವನಿಗೆ ನೀರಿನ ಬಣ್ಣ ಬದಲಾದುದು ಹೇಗೆ ತಿಳಿಯಬೇಕು?

ಇನ್ನು ಒಂದು ದಿನದ ಬಿಡುವಿರುವವರಿಗೆ ಕರೀಘಟ್ಟವನ್ನು ಹೇಳಿ ಮುಂದೆ ಹೋಗುತ್ತೇನೆ. ಶ್ರೀರಂಗಪಟ್ಟಣಕ್ಕೆ ಸಮೀಪ, ಲೋಕಪಾವನಿಯು ಕಾವೇರಿಯನ್ನು ಸೇರುವ ತಗ್ಗಿನ ಮೇಲೆ ಇದೆ ಈ ಗುಡ್ಡ. ನಾಲ್ಕುನೂರಕ್ಕೆ ಮೀರಿದ ಮೆಟ್ಟಿಲು, ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಹಸುರು ಗದ್ದೆ, ಬೆಳ್ಳಗೆ ಹೊಳೆಯುವ ಹೊಳೆ. ಇಷ್ಟು ಶಾಂತವಾದ ಜಾಗ ಮತ್ತೊಂದಿಲ್ಲವೆನ್ನಿಸುತ್ತದೆ. ಆದರೆ 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ, ಅದರ ಎಡಗಡೆಯ ತುಕಡಿ ಕರ್ನಲ್ ಮ್ಯಾಕ್ಸ್‌ವೆಲ್ಲನ ಕೈಕೆಳಗೆ ಈ ಗುಡ್ಡವನ್ನೇ ಹತ್ತಿ ಹಿಡಿಯಿತು. ಗುಡ್ಡವನ್ನು ಹಿಡಿದವನಿಗೆ ದ್ವೀಪದ ಪೂರ್ವಭಾಗವೆಲ್ಲ ಅಂಗೈಯಲ್ಲಿದ್ದಂತೆ. ಮಾರನೆಯ ತಿಂಗಳು ನಡೆದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಅದೇ ಮೆಟ್ಟಿಲಿನ ತುದಿಯಲ್ಲಿ ಇಂದು ಪುಳಿಯೋಗರೆಯ ಡಬ್ಬಿ ಬಿಚ್ಚಿ ಕುಳಿತವರಿಗೆ ಈ ಸಂಗತಿ ನೆನಪಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅಲ್ಲಿಂದ ದ್ವೀಪವನ್ನು ಒಮ್ಮೆ ನೋಡಿದರೆ ಯುದ್ಧದ ನಕ್ಷೆಯನ್ನು ಪುಸ್ತಕದಲ್ಲಿ ನೋಡಬೇಕಾದ ಅಗತ್ಯವಿರುವುದಿಲ್ಲ.

ಈಗ ಮತ್ತೆ ಚಾಮುಂಡಿಬೆಟ್ಟಕ್ಕೆ ಬರಬೇಕು. ನಾನು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಒಂದು ಕಾರಣವಿದೆ.

ಮೋಟಾರು ರಸ್ತೆ ಬಂದುದರಿಂದ ಮುದುಕರಿಗೂ ರೋಗಿಗಳಿಗೂ ಆದ ಉಪಕಾರವನ್ನು ನಾನು ಅಲ್ಲಗಳೆಯುವವನಲ್ಲ. ನಮ್ಮಜ್ಜಿಯೂ ಕೊನೆಯ ವರ್ಷಗಳಲ್ಲಿ ಬಸ್ಸಿನಲ್ಲಿಯೇ ಹೋಗಿ ಬಂದರು. ಆದರೆ ಮೆಟ್ಟಿಲಿಗೂ ರಸ್ತೆಗೂ ಒಂದು ಭೇದವಿದೆ. ಮೆಟ್ಟಿಲು ಬಂಡೆಯನ್ನು ನಂಬಿ ನೆಟ್ಟಗೆ ಏರುತ್ತದೆ, ಬೆಟ್ಟದಿಂದ ಕೇಳುವುದು ನಾಲ್ಕಾಳಿನ ಅಗಲವನ್ನು ಮಾತ್ರ. ರಸ್ತೆಯು ಬೆಟ್ಟದ ಮೈಯನ್ನು ಅಡ್ಡವಾಗಿ ಕಡಿದುಕೊಂಡು ಸುತ್ತುತ್ತದೆ. ಕಡಿದ ಜಾಗದಲ್ಲಿ ಮೇಲಿನ ಮಣ್ಣಿಗೆ ಕೆಳಗಿನ ಆಸರೆ ತಪ್ಪುತ್ತದೆ. ಇಂಗಬೇಕಾದ ನೀರು ಒಂದೇ ಕಡೆ ಸೇರಿ, ಬಂಡೆಗೂ ಮಣ್ಣಿಗೂ ನಡುವೆ ಜಾರುವ ದಾರಿ ಮಾಡಿಕೊಳ್ಳುತ್ತದೆ. 2021ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಬಳಿಗೆ ಹೋಗುವ ರಸ್ತೆಯ ಅಂಚು ಕುಸಿದುದನ್ನು ತಾವೆಲ್ಲ ಬಲ್ಲಿರಿ. ಎಂಬತ್ತು ಕೋಟಿ ವರ್ಷದ ಕಲ್ಲು ಕದಲಲಿಲ್ಲ. ಅದರ ಮೇಲೆ ನಾವು ಕೂಡಿಸಿದ ಭಾರ ಕದಲಿತು.

ಮರುವರ್ಷವೇ, 2022ರಲ್ಲಿ, ಬೆಟ್ಟಕ್ಕೆ ತೂಗುತೊಟ್ಟಿಲಿನ ದಾರಿಯನ್ನು, ಎಂದರೆ ರೋಪ್‌ವೇಯನ್ನು ಹಾಕಬೇಕೆಂಬ ಪ್ರಸ್ತಾವ ಸರಕಾರದಿಂದ ಬಂದಿತು. ಊರಿನ ಜನರು ಒಪ್ಪಲಿಲ್ಲ. ಪರಿಸರವನ್ನು ಬಲ್ಲವರು, ಚರಿತ್ರೆಯನ್ನು ಬಲ್ಲವರು, ಏನನ್ನೂ ವಿಶೇಷವಾಗಿ ಬಲ್ಲೆವೆಂದು ಹೇಳಿಕೊಳ್ಳದೆ ಬೆಳಗ್ಗೆ ಬೆಟ್ಟ ಹತ್ತುವವರು, ಎಲ್ಲರೂ ಸೇರಿ ಬೇಡವೆಂದರು. ಆ ವರ್ಷದಲ್ಲಿಯೇ ಪ್ರಸ್ತಾವವನ್ನು ಕೈಬಿಡಲಾಯಿತು. ಅನಂತರವೂ ಕಟ್ಟಡ ಕಾಮಗಾರಿಗಳ ಯೋಜನೆಗಳು ಬರುತ್ತಲೇ ಇವೆ, ವಾದಗಳೂ ನಡೆಯುತ್ತಲೇ ಇವೆ. ಯಾತ್ರಿಕರಿಗೆ ಸೌಕರ್ಯ ಬೇಡವೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. ನೆರಳು, ಕುಡಿಯುವ ನೀರು, ಶುಚಿಯಾದ ಶೌಚಗೃಹ, ಮುರಿದ ಮೆಟ್ಟಿಲಿಗೆ ದುರಸ್ತಿ, ಇವೂ ಸೌಕರ್ಯಗಳೇ ಅಲ್ಲವೆ? ಹಿಂದಿನವರು ದಾರಿಯುದ್ದಕ್ಕೂ ಸಾಲುಮರ ಹಾಕಿಸಿದರು, ಅರವಟ್ಟಿಗೆ ಇಟ್ಟರು, ತಲೆಹೊರೆ ಇಳಿಸುವುದಕ್ಕೆ ಕಲ್ಲು ನೆಡಿಸಿದರು. ಅವರ ಸೌಕರ್ಯದ ಕಲ್ಪನೆಯಲ್ಲಿ ನಡೆಯುವವನಿಗೆ ಮೊದಲ ಸ್ಥಾನವಿದ್ದಿತು. ನಮ್ಮ ಕಲ್ಪನೆಯಲ್ಲಿ ಅವನಿಗೆ ವಾಹನಗಳನ್ನು ನಿಲ್ಲಿಸಿ ಉಳಿದ ಜಾಗ.

ಹತ್ತಬೇಕೆಂದಿರುವವರಿಗೆ ಕೆಲವು ಸೂಚನೆಗಳನ್ನು ಹೇಳಿ ಮುಗಿಸುತ್ತೇನೆ. ಹೊತ್ತು ಏರುವುದಕ್ಕೆ ಮೊದಲು ಬೆಟ್ಟದ ಪಾದದಲ್ಲಿರಬೇಕು. ಮೊದಲಿನ ಮೆಟ್ಟಿಲುಗಳನ್ನು ಕಂಡು ಉತ್ಸಾಹದಿಂದ ಓಡಬೇಡಿರಿ, ಉಸಿರು ಅಲ್ಲಿಯೇ ಮುಗಿಯುತ್ತದೆ. ಅಜ್ಜಿಯರು ಹತ್ತುವ ವೇಗವೇ ಸರಿಯಾದ ವೇಗ. ಬಾಳೆಯಹಣ್ಣನ್ನು ಚೀಲದೊಳಗೆ ಮರೆಮಾಡಿರಿ, ಕೋತಿಗಳು ಇನ್ನೂ ಇವೆ. ನಂದಿಯ ಬಳಿ ಕುಳಿತು ನೀರು ಕುಡಿದು, ಉಳಿದ ಮುನ್ನೂರನ್ನು ನಿಧಾನವಾಗಿ ಹತ್ತಬಹುದು. ಮೇಲೆ ಮಹಾಬಲೇಶ್ವರನನ್ನು ಮರೆಯಬೇಡಿರಿ. ಮಳೆ ಬಂದು ತೊಳೆದ ಮರುದಿನವಾದರೆ ದಕ್ಷಿಣಕ್ಕೆ ಗೋಪಾಲಸ್ವಾಮಿ ಬೆಟ್ಟವೂ ಅದರಾಚೆ ನೀಲಗಿರಿಯ ನೀಲಿ ಗೆರೆಯೂ ಕಾಣುತ್ತದೆ. ಇಳಿಯುವಾಗ ಮಂಡಿ ಸ್ವಲ್ಪ ನಡುಗುವುದು ಸಹಜ. ಎಣಿಸಬೇಕೆಂದಿರುವವರು ಇಳಿಯುವಾಗ ಎಣಿಸುವುದು ಮೇಲು. ನನ್ನ ಮೂರು ಲೆಕ್ಕಗಳಲ್ಲಿ ಯಾವುದಾದರೂ ಒಂದಕ್ಕೆ ಅದು ಹೊಂದಿದರೆ ಒಂದು ಕಾರ್ಡು ಬರೆಯಿರಿ.